ದಿಗಿಲುಗಂಟು

ಅಂಗಡಿಯವರು ಮಾದರಿಗೆಂದು ಕೊಟ್ಟ ರೇಷ್ಮೆ ತುಂಡು ಅಂಗೈಯಷ್ಟು ಅಗಲವಿತ್ತು. ಬಿಸಿಲಿಗೆ ಬಣ್ಣ ಹೋದೀತೆಂದು ಅದನ್ನು ಕಾಗದದಲ್ಲಿ ಸುತ್ತಿದೆ. ಬೆವರು ತಾಗೀತೆಂದು ಕಾಗದವನ್ನು ಪ್ಲಾಸ್ಟಿಕ್ ಕವರಿಗೆ ಹಾಕಿದೆ. ಕವರಿನೊಳಗೆ ಹಬೆ ಕಟ್ಟೀತೆಂದು ದಿನಕ್ಕೊಮ್ಮೆ ಬಿಚ್ಚಿ ಗಾಳಿಗೆ ಹಿಡಿದೆ. ಹೀಗೆ ಹತ್ತು ವಾರ ಅದು ನನ್ನ ಅಂಗಿ ಜೇಬಿನಲ್ಲಿ ಬಾಳಿತು. ಮಕ್ಕಳನ್ನೂ ಇಷ್ಟು ಜೋಪಾನ ಮಾಡಿದವರಲ್ಲ ಎಂದು ಹೆಂಡತಿ ಆಡಿದ್ದು ಸುಳ್ಳೇನಲ್ಲ.

ಬಣ್ಣ ನವಿಲಿನ ಕತ್ತಿನದು. ಇತ್ತ ತಿರುಗಿಸಿದರೆ ಹಸಿರು, ಅತ್ತ ತಿರುಗಿಸಿದರೆ ನೀಲಿ. ಒಟ್ಟಿನಲ್ಲಿ ಹಸಿರು ಒಂದು ಕೂದಲಷ್ಟು ಮುಂದೆ. ಆ ಒಂದು ಕೂದಲಿನ ಕಥೆಯೇ ಇದು.

ಇಪ್ಪತ್ತನಾಲ್ಕು ಸೀರೆ, ಒಂದೇ ಬಣ್ಣ, ಒಂದೇ ಅಂಚು. ಮದುವೆಯ ದಿನ ಹೆಣ್ಣಿನ ಕಡೆಯ ಹೆಂಗಸರೆಲ್ಲ ಒಂದೇ ಥರ ಉಡಬೇಕೆಂದು ಯಾರೋ ಆಸೆಪಟ್ಟಿದ್ದರು, ಬೆಂಗಳೂರಿನ ಅಂಗಡಿಯೊಂದು ಆ ಆರ್ಡರನ್ನು ನಮಗೆ ಕೊಟ್ಟಿತ್ತು. ನೇಯುವವರು ಕಲ್ಯಾಣದುರ್ಗದ ಒಂದೇ ಬೀದಿಯ ನಾಲ್ಕು ಮಗ್ಗದವರು. ಬಣ್ಣ ಹಾಕುವವನು ನಮ್ಮೂರು ಹಿಂದೂಪುರದಲ್ಲೇ ಇರುವ, ನನ್ನ ಮೂವತ್ತು ವರ್ಷದ ಹಳೆಯ ಗೆಳೆಯ. ನಾನು ಇಬ್ಬರ ನಡುವೆ ಓಡಾಡುವವನು. ಹುರಿ ಮಾಡಿದ ರೇಷ್ಮೆ ಹೊಂದಿಸಿ ಗೆಳೆಯನಿಗೆ ಕೊಡುವುದು, ಬಣ್ಣವಾದ ನೂಲಿನ ಲಡಿಗಳನ್ನು ಬಸ್ಸಿನಲ್ಲಿ ಕಲ್ಯಾಣದುರ್ಗಕ್ಕೆ ಒಯ್ಯುವುದು, ಸೀರೆಗಳನ್ನು ವಾಪಸ್ ತರುವುದು, ಉಳಿದ ಹೊತ್ತಿನಲ್ಲಿ ಚಿಂತೆ ಮಾಡುವುದು ನನ್ನ ಕೆಲಸ. ಕೊನೆಯದಕ್ಕೇ ಹೆಚ್ಚು ಸಮಯ ಹೋಗುತ್ತಿತ್ತು.

ಆ ನಾಲ್ಕು ಮಗ್ಗದವರು ಅಲ್ಲಿಯವರೆಗೆ ಒಬ್ಬ ಸಾವ್ಕಾರರಿಗೆ ನೇಯುತ್ತಿದ್ದವರು. ನೂಲು ಸಾವ್ಕಾರರದು, ಡಿಸೈನು ಅವರದು, ಯಾವ ಸೀರೆ ಯಾವ ದಿನ ಇಳಿಯಬೇಕೆಂಬ ಮಾತೂ ಅವರದೇ. ಅವರಿಂದ ಬಿಡಿಸಿಕೊಂಡು, ನಾಲ್ಕೂ ಮನೆ ಸೇರಿ, ಸ್ವಂತಕ್ಕೆ ಹಿಡಿದ ಮೊದಲ ಆರ್ಡರ್ ಇದು. ಇದೊಂದು ಸರಿಯಾಗಿ ಬಂದರೆ ವರ್ಷವಿಡೀ ಕೆಲಸ ಕೊಡುತ್ತೇವೆಂದು ಅಂಗಡಿಯ ಮ್ಯಾನೇಜರ್ ಹೇಳಿದ್ದ. ತಪ್ಪಿದರೆ ಹಳೆಯ ಬಾಗಿಲಿಗೇ ಹೋಗಬೇಕು. ಬಿಟ್ಟುಹೋಗುತ್ತೇವೆಂದು ಹೇಳಲು ಹೋದಾಗ ಸಾವ್ಕಾರರು ಜಗಳವಾಡಲಿಲ್ಲವಂತೆ. "ಹೋಗ್ಬನ್ನಿ ಕಣ್ರಪ್ಪ" ಎಂದು ನಕ್ಕರಂತೆ. ಹೋಗಿ ಎನ್ನದೆ ಹೋಗ್ಬನ್ನಿ ಎಂದದ್ದನ್ನು ನಾನು ಎಷ್ಟು ದಿನ ಮೆಲುಕು ಹಾಕಿದೆನೋ ಲೆಕ್ಕವಿಲ್ಲ.

ನಾಲ್ಕು ಮಗ್ಗಕ್ಕೆ ಹಿರಿಯಳೆಂದರೆ ನನಗಿಂತ ನಾಲ್ಕೈದು ವರ್ಷಕ್ಕೆ ಚಿಕ್ಕವಳಾದ ಒಬ್ಬ ಹೆಂಗಸು. ಮೊದಲ ಮಗ್ಗ ಅವಳ ಮನೆಯದು. ನನ್ನನ್ನು ಅಣ್ಣಯ್ಯ ಎನ್ನುತ್ತಿದ್ದಳು, ನಾಲಿಗೆ ಮಾತ್ರ ತಂಗಿಯದಲ್ಲ, ಅತ್ತೆಯದು. ಅವಳ ನಿಜವಾದ ಅತ್ತೆ, ತೆಲುಗು ಮನೆಯಿಂದ ಬಂದ ಮುದುಕಿ, ಮಗ್ಗದ ಉದ್ದಕ್ಕೂ ಬಿಗಿಯುವ ನೂಲು, ಅಂದರೆ ಹಾಸು, ಮುಗಿದಾಗ ಹಳೆಯ ಹಾಸಿನ ಎಳೆಗೆ ಹೊಸ ಹಾಸಿನ ಎಳೆ ಹೊಸೆದು ಕೂಡಿಸುವುದರಲ್ಲಿ ಆ ಬೀದಿಗೇ ಹೆಸರಾದವಳು.

ಒಂದು ಹಾಸಿನಲ್ಲಿ ಮೂರು ಸೀರೆ ಇಳಿಯುತ್ತವೆ. ನಾಲ್ಕು ಮಗ್ಗಕ್ಕೆ ಹನ್ನೆರಡು. ಹಾಗಾಗಿ ಎರಡು ಸುತ್ತು ನೇಯಬೇಕು. ಗೆಳೆಯನ ಹಂಡೆಗೆ ಹನ್ನೆರಡು ಸೀರೆಯ ನೂಲಿಗಿಂತ ಹೆಚ್ಚು ಹಿಡಿಸದಾದ್ದರಿಂದ ಬಣ್ಣವನ್ನೂ ಎರಡು ಸಲ ಹಾಕಬೇಕು. ಇಲ್ಲೇ ಅಪಾಯವಿರುವುದೆಂದು ನಾನು ಮೊದಲ ದಿನವೇ ಹೇಳಿದ್ದೆ. ನೀರು ಬದಲಾದರೆ ಬಣ್ಣ ಬದಲಾಗುತ್ತದೆ, ಸೌದೆ ಹಸಿಯಾದರೆ ಕಾವು ಬದಲಾಗುತ್ತದೆ, ಪುಡಿಯ ಡಬ್ಬಿ ಹೊಸದಾದರೆ ಎಲ್ಲವೂ ಬದಲಾಗುತ್ತದೆ ಎಂದೆಲ್ಲ ಹೇಳಿದ್ದೆ. ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಬಸ್ಸಿನ ಟೈರು, ಇಲಿ, ನುಸಿ, ಕರೆಂಟು, ಮ್ಯಾನೇಜರನ ಆರೋಗ್ಯ, ಇವೆಲ್ಲವುಗಳ ಬಗ್ಗೆಯೂ ನಾನು ಅಷ್ಟೇ ಗಟ್ಟಿಯಾಗಿ ಹೇಳಿದ್ದೆನಲ್ಲ.

ಗೆಳೆಯನ ಬಣ್ಣದ ಕೋಣೆಗೆ ತಗಡಿನ ಸೂರು. ಅಂಟು ಬಿಡಿಸಲು ಒಂದು, ಬಣ್ಣಕ್ಕೆ ಒಂದು, ಎರಡು ಹಂಡೆ, ಕೆಳಗೆ ಸೌದೆ ಒಲೆ. ಮೊದಲು ಸೋಪು, ಸೋಡಾ ಹಾಕಿ ಕುದಿಸಿ ರೇಷ್ಮೆಯ ಅಂಟು ಬಿಡಿಸಬೇಕು. ಬಂದಾಗ ಒಣಹುಲ್ಲಿನಂತೆ ಬಿರುಸಾಗಿದ್ದ ದಾರ ಅಂಟು ಬಿಟ್ಟ ಮೇಲೆ ಕೈಯಲ್ಲಿ ನಿಲ್ಲುವುದಿಲ್ಲ, ಜಾರುತ್ತದೆ. ಆಮೇಲೆ ಲಡಿಗಳನ್ನು ಕೋಲುಗಳಿಗೆ ಹಾಕಿ ಬಣ್ಣದ ನೀರಿಗೆ ಇಳಿಬಿಟ್ಟು, ಹಂಡೆಯ ಆಚೆ ಒಬ್ಬ ಈಚೆ ಒಬ್ಬ ನಿಂತು ಒಂದೇ ಸಮನೆ ತಿರುವುತ್ತಿರಬೇಕು. ಒಬ್ಬನ ಕೈ ತಡೆದರೂ ಲಡಿಯಲ್ಲಿ ಪಟ್ಟೆ ಬೀಳುತ್ತದೆ. ಆ ಕಡೆ ಅವನು, ಈ ಕಡೆ ನಾನು. ನಡುನಡುವೆ ಒಂದು ಲಡಿಯ ತುದಿ ಎತ್ತಿ, ಹಿಂಡಿ, ಊದಿ ಒಣಗಿಸಿ, ಬಾಗಿಲಿಗೆ ಒಯ್ದು ಬಿಸಿಲಲ್ಲಿ ಮಾದರಿ ತುಂಡಿನ ಪಕ್ಕ ಹಿಡಿಯುತ್ತಾನೆ. ಕಡಿಮೆಯಾದ ಬಣ್ಣದ ಪುಡಿಯನ್ನು ಚಿಟಿಕೆ ಚಿಟಿಕೆಯಾಗಿ ಕದಡಿ ಬಿಡುತ್ತಾನೆ. ಒಪ್ಪಿಗೆಯಾದ ಮೇಲೆ ಆಸಿಡ್. ಅದು ಬಿದ್ದದ್ದೇ ನೀರಲ್ಲಿದ್ದ ಬಣ್ಣವೆಲ್ಲ ದಾರಕ್ಕೆ ಏರಿ ಹಂಡೆ ತಿಳಿಯಾಗುತ್ತದೆ. ಅಲ್ಲಿಂದ ಮುಂದೆ ತಿದ್ದುವಂತಿಲ್ಲ, ಮಾಸಲಾದ ಒಂದೆರಡು ಲಡಿಯನ್ನು ಮತ್ತೆ ಅದ್ದಬಹುದು, ಅಷ್ಟೆ.

ಅವನು ತಕ್ಕಡಿ ಮುಟ್ಟುವವನಲ್ಲ, ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುವವನೂ ಅಲ್ಲ. ಸುಳ್ಳನ್ನಂತೂ ಅವನ ಬಾಯಲ್ಲಿ ನಾನು ಕೇಳಿಲ್ಲ. ಹಿಂದೊಮ್ಮೆ ಯಾರದೋ ಲಡಿಯಲ್ಲಿ ಪಟ್ಟೆ ಬಿದ್ದಾಗ, ಅವರು ನೋಡುವ ಮೊದಲೇ ಅವರ ಮನೆಗೆ ನಡೆದುಹೋಗಿ ತಪ್ಪು ತನ್ನದೆಂದು ಹೇಳಿಬಂದಿದ್ದ. ಪಟ್ಟೆ ಬೀಳಲು ಕಾರಣ ನನ್ನ ಕೈ. ಅದನ್ನು ಇವತ್ತಿಗೂ ಅವನು ಯಾರಿಗೂ ಹೇಳಿಲ್ಲ.

ಮೊದಲ ಸಲ ಬಣ್ಣ ಹಾಕಿದ ದಿನ ಅವನ ಹೆಂಡತಿ ಕಾಫಿ ತಂದವಳು ಬಾಗಿಲಲ್ಲೇ ನಿಂತಳು. ಅವನು ಲಡಿ ಹಿಡಿದಾಗ ಬಗ್ಗಿ ನೋಡಿ, "ಇನ್ನೊಂದ್ ಚೂರು ಹಳದಿ ಕೇಳ್ತೈತೆ ಕಣ್ರೀ" ಎಂದಳು. ಅವನು ಹಾಕಿದ. ಎರಡನೇ ಸಲ ಹಿಡಿದಾಗ ಅವಳು ತಲೆಯಾಡಿಸಿ ಒಳಗೆ ಹೋದಳು. ಎಷ್ಟು ಹೊಂದಾಣಿಕೆಯ ಜೋಡಿ ಎಂದುಕೊಂಡೆ. ಅದಕ್ಕಿಂತ ಹೆಚ್ಚೇನೂ ನನಗೆ ಹೊಳೆಯಲಿಲ್ಲ. ಇಲ್ಲದ್ದಕ್ಕೆಲ್ಲ ಹೆದರುವವನಿಗೆ ಕಣ್ಣೆದುರಿನದು ಕಾಣುವುದಿಲ್ಲವೇನೋ.

ಒಣಗಿದ ಲಡಿಗಳನ್ನು ಒಂದೊಂದಾಗಿ ಬಿಸಿಲಿಗೆ ಹಿಡಿದು ಮಾದರಿ ತುಂಡಿನೊಂದಿಗೆ ತಾಳೆ ನೋಡಿದೆ. ಒಪ್ಪಿದ್ದಕ್ಕೆ ಬಿಳಿ ಹತ್ತಿ ದಾರದ ಒಂದು ಗಂಟು ಹಾಕಿದೆ. ಗಂಟಿಲ್ಲದ ಲಡಿಯನ್ನು ಕಲ್ಯಾಣದುರ್ಗದಲ್ಲಿ ಯಾರೂ ಸುತ್ತಬಾರದೆಂದು ಕಟ್ಟಪ್ಪಣೆ ಮಾಡಿದ್ದೆ. ನನ್ನದೇ ಏರ್ಪಾಡು, ದಿಗಿಲಿಗೆ ಹುಟ್ಟಿದ್ದು. ಆ ಸಲ ಎರಡು ಲಡಿ ಸ್ವಲ್ಪ ಮಾಸಲೆನಿಸಿ ಗಂಟು ಹಾಕದೆ ಬದಿಗಿಟ್ಟೆ. ಗೆಳೆಯ ಎರಡನ್ನೂ ಮತ್ತೆ ಅದ್ದಿಕೊಟ್ಟ.

ಕಲ್ಯಾಣದುರ್ಗದಲ್ಲಿ ಆ ಬಿಳಿ ಗಂಟುಗಳನ್ನು ನೋಡಿ ನಕ್ಕದ್ದೇ ನಕ್ಕದ್ದು. ಹಿರಿಯ ನೇಕಾರ್ತಿ ಅದಕ್ಕೆ ದಿಗಿಲುಗಂಟು ಎಂದು ಹೆಸರಿಟ್ಟಳು. ಲಡಿ ಬಿಚ್ಚುವಾಗ ದಾರಗಳನ್ನು ಎಸೆಯದೆ ಒಟ್ಟುಮಾಡಿ ಮಗ್ಗದ ಕಂಬದ ಮೊಳೆಗೆ ನೇತುಹಾಕಿದಳು. "ಅಣ್ಣಯ್ಯನ್ ದಿಗಿಲೆಲ್ಲ ಇಲ್ಲಿ ಮೊಳೆಗೆ ಹಾಕಿದೀನಿ, ಇನ್ನ ನೆಮ್ಮದಿಯಾಗಿ ಬಸ್ ಹತ್ತಲಿ" ಎಂದಳು. ನಕ್ಕರೇನು, ಗಂಟಿಲ್ಲದ ಒಂದು ಲಡಿಯನ್ನೂ ಆ ಬೀದಿಯಲ್ಲಿ ಯಾರೂ ಮುಟ್ಟಲಿಲ್ಲ. ಒಮ್ಮೆ ಬಸ್ಸಿನಲ್ಲಿ ಒಂದರ ಗಂಟು ಕಳಚಿಹೋಗಿತ್ತು. ಮರುದಿನ ನಾನು ಮತ್ತೆ ಹೋಗಿ ಬಿಸಿಲಿಗೆ ಹಿಡಿದು ಕಟ್ಟುವವರೆಗೆ ಅದನ್ನು ಬದಿಗಿಟ್ಟಿದ್ದರು. ಆ ದಿನ ವಾಪಸ್ ಬರುವಾಗ, ಪಾವಗಡದ ಹತ್ತಿರ ಬಸ್ಸು ಕೆಟ್ಟು ನಿಂತಾಗಲೂ ನನಗೆ ಚಿಂತೆಯಾಗಲಿಲ್ಲ. ನನ್ನ ಪುಕ್ಕಲುತನವೂ ನಾಲ್ಕು ಜನಕ್ಕೆ ಆಧಾರವಾಗಬಹುದೆಂದು ಮೊದಲ ಸಲ ಅನಿಸಿತ್ತು.

ಮೊದಲ ಹನ್ನೆರಡು ಸೀರೆ ಮೂರು ವಾರದಲ್ಲಿ ಇಳಿದವು. ಇಪ್ಪತ್ತನಾಲ್ಕೂ ಒಟ್ಟಿಗೇ ಬೇಕೆಂದು ಮ್ಯಾನೇಜರ್ ಹೇಳಿದ್ದರಿಂದ ತಂದು ನನ್ನ ಮನೆಯ ಬೀರುವಿನಲ್ಲಿಟ್ಟೆ.

ಎರಡನೇ ಸಲದ ಬಣ್ಣಕ್ಕೆ ಎರಡು ದಿನ ಮೊದಲು ಗೆಳೆಯನ ಹೆಂಡತಿ ಫೋನ್ ಮಾಡಿದಳು. ಮಗಳ ಬಾಣಂತನಕ್ಕೆ ಅವಳ ಊರು ರೊದ್ದಕ್ಕೆ ಹೊರಟಿದ್ದಳು. "ಬಣ್ಣ ಹಾಕೋ ದಿನ ನೀವು ಜೊತೇಲೇ ಇದ್ದು ನೋಡ್ಕಳ್ರಣ್ಣ" ಎಂದಳು. ಒದ್ದೆ ಲಡಿಯ ಭಾರ ಎತ್ತಬೇಕಲ್ಲ, ಅವನ ಬೆನ್ನುನೋವಿನ ವಿಷಯ ಹೇಳುತ್ತಿದ್ದಾಳೆಂದು ತಿಳಿದು, ಆಗಲಮ್ಮ ಎಂದೆ.

ಆ ವಾರ ನಾನು ಅವನ ತಲೆಯನ್ನು ಸಾಕಷ್ಟು ತಿಂದಿದ್ದೆ. ಹಿಂದಿನ ಸಲದ ಬೋರಿನ ನೀರೇ ಬೇಕೆಂದು ಹಠ ಹಿಡಿದಿದ್ದೆ, ಸೌದೆಯನ್ನು ಮೂಸಿ ನೋಡಿದ್ದೆ, ಪುಡಿ ಡಬ್ಬಿಯ ಮುಚ್ಚಳ ತೆಗೆದು ಮೂರು ಸಲ ಪ್ರಶ್ನೆ ಕೇಳಿದ್ದೆ. ಕೋಪ ಮಾಡಿಕೊಳ್ಳುವವನಲ್ಲ, ಆದರೂ ಅಂದು ಬೆಳಿಗ್ಗೆ ಬೇಸತ್ತು, "ನಿನ್ ಅನುಮಾನಕ್ಕೆ ಮದ್ದಿಲ್ಲ ಕಣ್ಲಾ. ಒಂದಿನ ಬಾಯ್ಮುಚ್ಕೊಂಡು ತಿರುವು ನೋಡಾನ" ಎಂದ. ನನಗೆ ನಾಚಿಕೆಯಾಯಿತು. ಇವತ್ತು ಒಂದು ದಿನವಾದರೂ ಒಳ್ಳೆಯವನಾಗಿರೋಣ ಎಂದು ನಿಶ್ಚಯಿಸಿದೆ. ಒಳ್ಳೆಯವನಾಗಲು ಆರಿಸಿಕೊಂಡ ದಿನವನ್ನು ನೋಡಿ.

ಲಡಿ ತಿರುವಿದೆವು. ಅವನು ತುದಿ ಹಿಂಡಿ, ಊದಿ, ಬಾಗಿಲಿಗೆ ಹೋದ. ಮಾದರಿ ತುಂಡನ್ನು ಪಕ್ಕಕ್ಕಿಟ್ಟು ಮೂಗಿನ ಹತ್ತಿರ ತಂದ, ದೂರ ಹಿಡಿದ, ಮತ್ತೆ ಹತ್ತಿರ ತಂದ. ಒಳಗೆ ಬಂದು ಒಂದು ಚಿಟಿಕೆ ನೀಲಿ ಬಿಟ್ಟ. ಮತ್ತೆ ತಿರುವಿದೆವು. ಮತ್ತೆ ಹಿಂಡಿ ಬಾಗಿಲಿಗೆ ಹೋದವನು ಈ ಸಲ ನನ್ನನ್ನು ಕರೆದ.

"ನೋಡಯ್ಯ ನೀನೊಂದ್ಸಲ. ಬಂತಾ?"

ಮೂವತ್ತು ವರ್ಷದಲ್ಲಿ ಅವನು ಕೇಳದೆ ಇದ್ದ ಪ್ರಶ್ನೆ. ನೋಡಿದೆ. ಬಂದಿರಲಿಲ್ಲ. ನೀಲಿ ಒಂದು ಕೂದಲಷ್ಟು ಮುಂದಿತ್ತು. ಒಂದೆರಡು ಚಿಟಿಕೆ ಹಳದಿ, ಕಾಲು ಗಂಟೆಯ ಕೆಲಸ. ವಾರವಿಡೀ ನೀರು, ಸೌದೆ, ಡಬ್ಬಿ ಎಂದು ಒದರಿದ ಬಾಯಿಗೆ, ಇಲ್ಲ ಎಂಬ ಒಂದು ಮಾತು ಬರಲಿಲ್ಲ. ಅವನ ಮುಖ ನನ್ನನ್ನೇ ನೋಡುತ್ತಿತ್ತು. ಇಷ್ಟು ದೊಡ್ಡ ಕೈಗಾರನಿಗೆ ನಾನು ಬಣ್ಣದ ಪಾಠ ಹೇಳುವುದೇ ಎಂಬ ದಾಕ್ಷಿಣ್ಯ. ಮತ್ತೆ ಬೇಸರ ಮಾಡುವುದೇ ಎಂಬ ಸಂಕೋಚ.

"ನಿನ್ ಕೈಲಿ ತಪ್ಪುತ್ತಾ? ಬಂದೈತೆ ಬಿಡು" ಎಂದೆ.

ಅವನ ಭುಜ ಸಡಿಲವಾಯಿತು. "ನೀನೇ ಬಂದೈತೆ ಅಂದ್ಮೇಲೆ ಬಂದೈತೆ" ಎಂದು ಹೇಳಿ ಒಳಗೆ ಹೋಗಿ ಆಸಿಡ್ ಬಿಟ್ಟ. ಹಂಡೆಯ ನೀರು ತಿಳಿಯಾಗುವುದನ್ನು ಇಬ್ಬರೂ ನೋಡಿದೆವು.

ಮರುದಿನ ಲಡಿಗಳನ್ನು ಬಿಸಿಲಿಗೆ ಹಿಡಿದಾಗ ಅನುಮಾನಕ್ಕೆ ಜಾಗವಿರಲಿಲ್ಲ. ಆದರೂ ಒಂದೊಂದಕ್ಕೂ ಗಂಟು ಹಾಕುತ್ತ ಹೋದೆ. ಇದು ಮೋಡದ ಬೆಳಕು ಎಂದು ಒಂದು ಗಂಟು. ಮಾದರಿ ತುಂಡೇ ಜೇಬಿನಲ್ಲಿ ಮಾಸಿರಬೇಕು ಎಂದು ಇನ್ನೊಂದು. ಸೀರೆಯಾಗಿ ಜರಿ ಅಂಚು ಬಂದ ಮೇಲೆ ಯಾರು ಗುರುತಿಸುತ್ತಾರೆ ಎಂದು ಮತ್ತೊಂದು. ನನ್ನ ತಲೆ ಕೆಟ್ಟದ್ದನ್ನು ಮಾತ್ರ ಕಲ್ಪಿಸುತ್ತದೆಂದು ಇಷ್ಟು ದಿನ ತಿಳಿದಿದ್ದೆ. ಬೇಕೆಂದಾಗ ಒಳ್ಳೆಯದನ್ನೂ ಕಲ್ಪಿಸಬಲ್ಲದು. ಕೈಯಲ್ಲಿ ದಾರ ಮುಗಿದಾಗ ಒಂದು ಲಡಿ ಮಿಕ್ಕಿತ್ತು. ಅದಕ್ಕೂ ಹುಡುಕಿ ತಂದು ಕಟ್ಟಿದೆ.

ಕಲ್ಯಾಣದುರ್ಗದಲ್ಲಿ ಹೊಸ ಹಾಸು ಸಿದ್ಧವಾಗಿ, ಬೀದಿಯಲ್ಲಿ ಹರಡಿ ಗಂಜಿ ಹಾಕಿದ್ದೂ ಆಯಿತು. ಎಳೆ ಕೂಡಿಸುವ ದಿನ ನಾನು ಅಲ್ಲೇ ಇದ್ದೆ. ಮುದುಕಿ ಬೆರಳಿಗೆ ಬೂದಿ ಹಚ್ಚಿಕೊಂಡು, ಮಗ್ಗದಲ್ಲಿ ಉಳಿದ ಹಳೆಯ ಎಳೆಗೆ ಹೊಸ ಎಳೆಯನ್ನು ಹೊಸೆಯುತ್ತ ಕೂತಳು. ಸಾವಿರಗಟ್ಟಲೆ ಎಳೆ. ಒಂದು ಗೇಣು ಕೂಡಿಸುವಷ್ಟರಲ್ಲಿ ಕೈ ನಿಲ್ಲಿಸಿ, "ಇದಿ ವೇರೇ ನಾಯನಾ" ಎಂದಳು. ಇದು ಬೇರೆ ಕಣಪ್ಪ, ಎಂದು. ಅವಳು ಹೇಳಿದ್ದು ಸರಿಯಾಗಿತ್ತು. ಹಳೆಯದು ಹೊಸದು ಸೇರುವ ಕಡೆ ಒಂದು ಗೆರೆ ಕಾಣುತ್ತಿತ್ತು.

ಸೊಸೆ ಬಂದು ಬಗ್ಗಿ ನೋಡಿದಳು. ಆಮೇಲೆ ನನ್ನನ್ನು ನೋಡಿದಳು. "ಏನ್ ಅಣ್ಣಯ್ಯ?"

ಹಳೆಯ ಎಳೆ ಮೂರು ವಾರ ಮಗ್ಗದ ಮೇಲೆ ಕೈಬೆವರು ಕುಡಿದಿದೆ, ಹೊಸದರ ಮೇಲೆ ಗಂಜಿ ಇದೆ, ಅದಕ್ಕೇ ಹಾಗೆ ಕಾಣುತ್ತದೆ, ನೇಯುತ್ತ ಸರಿಹೋಗುತ್ತದೆ ಎಂದೆ. ಎಷ್ಟು ಸಲೀಸಾಗಿ ಬಂತೆಂದರೆ ನನಗೇ ನಂಬಿಕೆಯಾಯಿತು. ಅವಳು ಅತ್ತೆಗೆ, "ಗಂಟು ಇತ್ತು ಕಣತ್ತೆ, ನಾನೇ ಬಿಚ್ಚಿದೀನಿ. ಕೂಡಿಸು" ಎಂದಳು. ಮುದುಕಿ ಮತ್ತೆ ಬೂದಿ ಮುಟ್ಟಿದಳು. ಎರಡನೇ ಕಂತಿನ ಬಿಳಿ ದಾರಗಳು ಮೊದಲಿನವುಗಳ ಜೊತೆ ಮೊಳೆಯಲ್ಲಿ ತೂಗುತ್ತಿದ್ದವು.

ಅಲ್ಲಿಂದ ಮುಂದೆ ವಾರ, ಎಂಟು ದಿನ ನಾನು ಕಲ್ಯಾಣದುರ್ಗಕ್ಕೆ ಹೋಗಲಿಲ್ಲ. ಫೋನಿನಲ್ಲೂ ಏನೂ ಕೇಳಲಿಲ್ಲ. ಅಣ್ಣಯ್ಯನಿಗೆ ಹುಷಾರಿಲ್ಲವೇ ಎಂದು ಅವರೇ ವಿಚಾರಿಸಿದರು. ಚಿಂತೆ ಮಾಡದ ನನ್ನನ್ನು ಕಂಡು ಅವರಿಗೆ ಚಿಂತೆಯಾಗಿತ್ತು.

ಮದುವೆಗೆ ಹದಿನಾರು ದಿನವಿರುವಾಗ ಮ್ಯಾನೇಜರ್ ಫೋನ್ ಮಾಡಿ, ಮೊದಲ ಸುತ್ತಿನದೊಂದು ಎರಡನೇ ಸುತ್ತಿನದೊಂದು ಸೀರೆ ಪಕ್ಕ ಪಕ್ಕ ಇಟ್ಟು ಫೋಟೋ ಕಳಿಸಿ, ಮದುವೆ ಮನೆಯವರು ಕೇಳುತ್ತಿದ್ದಾರೆ ಎಂದ. ಬೀರುವಿನಿಂದ ಒಂದು ಸೀರೆ ತೆಗೆದುಕೊಂಡು ಬಸ್ ಹತ್ತಿದೆ. ಮಡಕಶಿರ ದಾಟಿ ಕರ್ನಾಟಕ ಹೊಕ್ಕು, ಪಾವಗಡ ದಾಟಿ ಮತ್ತೆ ಆಂಧ್ರಕ್ಕೆ ಬರುವ ಆ ದಾರಿಯುದ್ದಕ್ಕೂ ಚೀಲವನ್ನು ತೊಡೆಯ ಮೇಲಿಟ್ಟುಕೊಂಡಿದ್ದೆ. ಎಲ್ಲಾದರೂ ಇಳಿದುಬಿಟ್ಟರೆ ಹೇಗೆ ಎಂದು ಎರಡು ಸಲ ಅನಿಸಿತು. ಇಳಿಯಲಿಲ್ಲ, ಧೈರ್ಯದಿಂದಲ್ಲ, ಇಳಿದು ಎಲ್ಲಿಗೆ ಹೋಗುವುದೆಂದು ಗೊತ್ತಾಗದೆ.

ಹತ್ತು ಗಂಟೆಯ ಬಿಸಿಲು. ಅಂಗಳದಲ್ಲಿ ಚಾಪೆ ಹಾಸಿ ಎರಡು ಸೀರೆಯನ್ನೂ ಹರಡಿದರು. ನಾಲ್ಕು ಮನೆಯವರೂ ಸುತ್ತ ನಿಂತಿದ್ದರು. ಒಂದು ನವಿಲಿನ ಕತ್ತು, ಇನ್ನೊಂದು ಬರೀ ನೀಲಿಗೆ ಹತ್ತಿರದ್ದು. ಮುದುಕಿ ಒಂದು ಸಲ ನೋಡಿ ಒಳಗೆ ಹೋದಳು.

"ಗಂಟು ಇತ್ತಲ್ಲ ಅಣ್ಣಯ್ಯ" ಎಂದಳು ಸೊಸೆ. ಜಗಳದ ದನಿಯಲ್ಲ. ಲೆಕ್ಕ ತಪ್ಪಿದವರು ಮತ್ತೆ ಮೊದಲಿಂದ ಎಣಿಸುವ ದನಿ. ಆಮೇಲೆ ತಾನೇ ಉತ್ತರ ಕಂಡುಕೊಂಡಳು. "ಬಣ್ಣದಣ್ಣ ಮೋಸ ಮಾಡ್ಬುಟ್ಟ. ಅದ್ಯಾವ ಡಬ್ಬಿ ಬೆರೆಸ್ಬುಟ್ನೋ."

ಇದನ್ನೂ ಬರೆಯಬೇಕು. ಅವರೆಲ್ಲ ನನ್ನ ಗೆಳೆಯನನ್ನು ಬೈಯುವಾಗ, ಒಂದು ಬೀಡಿ ಸೇದುವಷ್ಟು ಹೊತ್ತು, ನಾನು ಸೀರೆಯ ಅಂಚನ್ನು ಸರಿಮಾಡುತ್ತ ಕೂತಿದ್ದೆ.

ಮತ್ತೆ ಬಣ್ಣ ಹಾಕಿ ನೇಯಲು ಸಾಧ್ಯವೇ ಎಂಬ ಮಾತು ಬಂತು. ಬಣ್ಣಕ್ಕೆ, ಹಾಸು ಮಾಡಲು, ಗಂಜಿಗೆ, ಎಳೆ ಕೂಡಿಸಲು ಎಂಟು ದಿನ. ಒಂದು ಸೀರೆಗೆ ಐದು, ಆರು ದಿನ. ಹದಿನಾರು ದಿನದಲ್ಲಿ ಮೂರನೆಯದಿರಲಿ, ಎರಡನೆಯ ಸೀರೆಯೇ ಮುಗಿಯುವುದಿಲ್ಲ. ಆಗ ನಾಲ್ಕನೇ ಮಗ್ಗದವನು, ಮಾತು ಕಡಿಮೆಯ ಮನುಷ್ಯ, ಒಂದು ಉಪಾಯ ಹೇಳಿದ. "ಒಳಗೆ ಟ್ಯೂಬ್‌ಲೈಟಲ್ಲಿ ತೆಗೀರಿ ಫೋಟೋ. ಒಂದೇ ತರ ಬತ್ತೈತೆ."

ಸೀರೆಗಳನ್ನು ಒಳಗೆ ಒಯ್ದು ತೆಗೆದೆ. ನಿಜಕ್ಕೂ ಒಂದೇ ಥರ ಬಂತು. ಫೋನ್ ಕೈಯಿಂದ ಕೈಗೆ ಹೋಯಿತು. ಎಲ್ಲರ ಮುಖದಲ್ಲೂ ಸ್ವಲ್ಪ ಜೀವ ಬಂತು. ಮದುವೆಯಲ್ಲೂ ಲೈಟೇ ತಾನೇ ಇರುವುದು, ಬಿಸಿಲಲ್ಲಿ ಯಾರು ನಿಲ್ಲುತ್ತಾರೆ ಎಂದು ಒಬ್ಬಳು ಅಂದಳು. ಫೋನ್ ಸೊಸೆಯ ಕೈಗೆ ಬಂತು. ಅವಳು ಫೋಟೋ ನೋಡಲಿಲ್ಲ, ಮೊಳೆಯಲ್ಲಿದ್ದ ಬಿಳಿ ದಾರಗಳನ್ನು ನೋಡಿದಳು. ಫೋನ್ ನನಗೆ ಕೊಟ್ಟು, "ನೀವೇ ಹೇಳಿ ಅಣ್ಣಯ್ಯ. ಕಳಿಸಾನಾ?" ಎಂದಳು.

ಎರಡನೇ ಸಲ ನನ್ನನ್ನು ಅದೇ ಪ್ರಶ್ನೆ ಕೇಳುತ್ತಿದ್ದರು. ಬಂತಾ, ಎಂದು.

"ಬ್ಯಾಡ" ಎಂದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. "ಬಣ್ಣದವನ್ದು ತಪ್ಪಲ್ಲ. ಆಸಿಡ್ ಬಿಡೋಕ್ ಮುಂಚೆ ನನ್ ಕೇಳ್ದ. ಬಂದೈತೆ ಅಂದೋನು ನಾನು. ಬಂದಿಲ್ಲ ಅಂತ ಗೊತ್ತಿತ್ತು. ಗೊತ್ತಿದ್ದೇ ಗಂಟು ಹಾಕ್ದೆ."

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. "ಅತ್ತೆ ಕೇಳ್ದಾಗ, ಗಂಜಿ ಅಂದ್ರಲ್ಲ, ಆವಾಗ್ಲೂ ಗೊತ್ತಿತ್ತಾ?"

"ಗೊತ್ತಿತ್ತು."

ಅವಳು ಹೋಗಿ ಮೊಳೆಯಿಂದ ದಾರಗಳನ್ನೆಲ್ಲ ತೆಗೆದು ಒಲೆಯ ಬದಿಯಲ್ಲಿಟ್ಟಳು. ಎಸೆಯಲಿಲ್ಲ, ಸುಡಲೂ ಇಲ್ಲ. ಬೆಂಕಿ ಹೊತ್ತಿಸಲು ಆದೀತೆಂದು ಇಡುವ ಚೂರುಪಾರುಗಳ ಜೊತೆ ಇಟ್ಟಳು. "ಬಣ್ಣ ತಪ್ಪಿದ್ಕಲ್ಲ ಅಣ್ಣಯ್ಯ, ಗೊತ್ತಿದ್ದೂ ಗಂಟು ಹಾಕಿದ್ಕೆ" ಎಂದಳು. ಅಣ್ಣಯ್ಯ ಎಂದು ನನ್ನನ್ನು ಕರೆದದ್ದು ಅದೇ ಕೊನೆ.

ಅಂಗಳಕ್ಕೆ ಬಂದು, ಬಿಸಿಲಲ್ಲಿ ಇನ್ನೊಂದು ಫೋಟೋ ತೆಗೆದು ಮ್ಯಾನೇಜರನಿಗೆ ಕಳಿಸಿ ಫೋನ್ ಮಾಡಿದೆ. ಅವನು ಕೂಗಾಡಲಿಲ್ಲ. ಹನ್ನೆರಡು ಜನಕ್ಕೆ ಕೊಟ್ಟು ಹನ್ನೆರಡು ಜನಕ್ಕೆ ಇಲ್ಲವೆನ್ನಲಾಗುವುದಿಲ್ಲ, ಬೇರೆ ಕಡೆ ನೋಡಿಕೊಳ್ಳುತ್ತೇವೆ ಎಂದ. ಮೊದಲೇ ನಿಜ ಹೇಳಿದ್ದಕ್ಕೆ ಥ್ಯಾಂಕ್ಸ್ ಎಂದ. ಆಮೇಲೆ ನನ್ನ ಫೋನ್ ಎತ್ತಲಿಲ್ಲ.

ನಾಲ್ಕೇ ದಿನದಲ್ಲಿ ಸಾವ್ಕಾರರು ತಾವೇ ಬೀದಿಗೆ ಬಂದ ಸುದ್ದಿ ಫೋನಿನಲ್ಲಿ ತಿಳಿಯಿತು. ಮುಗಿದ ಸೀರೆ, ಮಗ್ಗದ ಮೇಲಿದ್ದ ಹಾಸು, ಎಲ್ಲವನ್ನೂ ಒಪ್ಪಿಕೊಂಡರಂತೆ. ಎರಡನೇ ಸುತ್ತಿನ ಸೀರೆಯನ್ನು ಬಿಸಿಲಿಗೆ ಹಿಡಿದು, ಇಂಥ ಒಳ್ಳೆಯ ಬಣ್ಣಕ್ಕೆ ಏನು ಕೊರತೆ ಎಂದು ಕೇಳಿದರಂತೆ. ಅದೂ ನಿಜ. ಒಂಟಿಯಾಗಿ ನೋಡಿದರೆ ಕೊರತೆಯಿರಲಿಲ್ಲ. ನಾಲ್ಕು ಮಗ್ಗಕ್ಕೂ ಅವರ ನೂಲು ಬಂತು. ನನ್ನ ಬೀರುವಿನಲ್ಲಿದ್ದ ಸೀರೆಗಳನ್ನು ನಾನು ಕಲ್ಯಾಣದುರ್ಗಕ್ಕೆ ತೆಗೆದುಕೊಂಡು ಹೋದಾಗ ಸೊಸೆ ಮಗ್ಗದಿಂದ ಏಳಲಿಲ್ಲ. "ಅಲ್ಲಿಡ್ರಿ ಸಾರ್" ಎಂದಳು. ಲಾಳಿ ಅತ್ತಿತ್ತ ಓಡುತ್ತಲೇ ಇತ್ತು. ಮೊಳೆ ಖಾಲಿಯಿತ್ತು. ಸುತ್ತದೆ ಉಳಿದ ಒಂದು ಲಡಿಯನ್ನು ಮುದುಕಿ ತಂದು ನನ್ನ ಚೀಲಕ್ಕೆ ಹಾಕಿದಳು.

ಇಷ್ಟೆಲ್ಲ ಆದರೂ, ಹಿಂದೂಪುರದಲ್ಲಿ ನಾಲ್ಕು ಬೀದಿ ಆಚೆಗಿರುವ ಗೆಳೆಯನ ಮನೆಗೆ ಹೋಗಲು ನನಗೆ ಹತ್ತು ದಿನ ಬೇಕಾಯಿತು. ಹೋದಾಗ ಅವನ ಹೆಂಡತಿ ರೊದ್ದದಿಂದ ಬಂದಿದ್ದಳು. ಅವನು ಬಣ್ಣದ ಕೋಣೆಯ ಬಾಗಿಲಲ್ಲಿ ಕೂತಿದ್ದ. ಹಂಡೆಗಳನ್ನು ಬೋರಲು ಹಾಕಿದ್ದರು. ಸುದ್ದಿ ಅವನಿಗೆ ಮುಟ್ಟಿತ್ತು. ಆದರೆ ಊರಿನ ಬಾಯಲ್ಲಿ ಬಂದದ್ದು ಬಣ್ಣದವನು ಕೆಡಿಸಿದ ಎಂದೇ. ಲಡಿ ಕೊಟ್ಟುಹೋಗುವವರು ಒಂದು ವಾರದಿಂದ ಬಂದಿರಲಿಲ್ಲ.

ನಡೆದದ್ದನ್ನು ಹೇಳಿದೆ. ಅವನು ಕೇಳಿಸಿಕೊಂಡ. ಮಾತಾಡಿದವಳು ಅವನ ಹೆಂಡತಿ. ಎರಡು ವರ್ಷದಿಂದ ಎರಡೂ ಕಣ್ಣಿಗೆ ಪೊರೆ ಬಂದಿದೆ, ನೀಲಿಯೂ ಹಸಿರೂ ಅವನಿಗೆ ಬೇರೆಯಾಗಿ ಕಾಣುವುದಿಲ್ಲ, ಆಪರೇಷನ್ ಎಂದರೆ ಹೆದರುತ್ತಾನೆ, ಇಷ್ಟು ದಿನ ತಾನೇ ನೋಡಿ ಹೇಳುತ್ತಿದ್ದೆ ಎಂದಳು. ಹೇಳುವಾಗ ನನ್ನ ಕಡೆ ನೋಡಲಿಲ್ಲ. ನೋಡ್ಕಳ್ರಣ್ಣ ಎಂದು ಫೋನಿನಲ್ಲಿ ಅವಳು ಹೇಳಿದ್ದು ಬೆನ್ನಿನ ವಿಷಯವಾಗಿರಲಿಲ್ಲ.

"ನಂಗ್ಯಾಕೆ ಹೇಳ್ಲಿಲ್ಲ?" ಎಂದೆ. ಕೇಳುವ ಹಕ್ಕು ನನಗಿತ್ತೋ ಇಲ್ಲವೋ.

"ಹೇಳಿದ್ರೆ ನೀನು ಊರೆಲ್ಲ ಡಾಕ್ಟ್ರ ಹತ್ರ ಓಡಾಡಿ ಸುದ್ದಿ ಮಾಡ್ಬುಡ್ತಿದ್ದೆ" ಎಂದ. ಸ್ವಲ್ಪ ನಕ್ಕ ಹಾಗಿತ್ತು. "ಅದಕ್ಕೆ ಹೇಳ್ಲಿಲ್ಲ. ಅವತ್ತು ಬಂತಾ ಅಂತ ಕೇಳ್ದೆ, ಅಷ್ಟೆ."

ನಾನು ಚೀಲದಿಂದ ಲಡಿ ತೆಗೆದು ಅವನ ಕೈಗಿಟ್ಟೆ. ಯಾಕೆ ಒಯ್ದಿದ್ದೆನೋ ತಿಳಿಯದು. ಕೊಡಲು ನನ್ನ ಹತ್ತಿರ ಬೇರೇನೂ ಇರಲಿಲ್ಲ. ಅವನು ಅದನ್ನು ಬಿಸಿಲಿಗೆ ಹಿಡಿಯಲಿಲ್ಲ. ಬೆರಳಿನಿಂದ ಸವರುತ್ತ ಹೋದ. ಬಿಳಿ ದಾರ ಸಿಕ್ಕಿದ ಕಡೆ ನಿಂತ.

"ಅವತ್ತು ಯಾಕಂಗಂದೆ?"

"ನಿಂಗೆ ಬೇಜಾರಾಯ್ತದೆ ಅಂತ."

"ಮೂವತ್ತು ವರ್ಷದಿಂದ ನಂಗೆ ಬೇಜಾರೇ ಮಾಡ್ಕಂಡು ಬಂದೋನು ಕಣ್ಲಾ ನೀನು" ಎಂದ. "ಅವತ್ತೊಂದಿನ ಯಾಕ್ ಬಿಟ್ಬುಟ್ಟೆ?"

ಅವನ ಹೆಂಡತಿ ಒಳಗೆ ಹೋದಳು. ಅವನು ಗಂಟನ್ನು ಉಗುರಿನಿಂದ ಬಿಡಿಸತೊಡಗಿದ. ಕಣ್ಣು ಬೀದಿಯ ಕಡೆಗಿತ್ತು. ನಾನು ಬಿಗಿಯಾಗಿಯೇ ಹಾಕಿದ್ದೆ, ಬಹಳ ಹೊತ್ತು ಹಿಡಿಯಿತು. ಬಿಚ್ಚಿದ ದಾರವನ್ನು ನನ್ನ ಅಂಗೈಗೆ ಹಾಕಿ, ಲಡಿಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡ. ಅದು ಯಾವ ಬಣ್ಣ ಎಂದು ಅವನು ನನ್ನನ್ನು ಕೇಳಲಿಲ್ಲ.